ವಾಲೀಕಾರ ಹುಲೆಪ್ಪ ಹೊತ್ತು ನಡೆದ ಕಾಗದ

ಆಳಂದ ತಾಲೂಕಿನಲ್ಲಿ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ. ಬರೆದರೆ ಮಟಕಿಯವರು, ನರೋಣಾದವರು, ಆ ಕಡೆ ಅಫಜಲಪುರ, ಜೇವರ್ಗಿಯವರು "ಅದು ನಮ್ಮೂರಲ್ಲ ಬಿಡ್ರಿ" ಎಂದು ಎದ್ದು ಹೋಗುತ್ತಾರೆ. ಎದ್ದು ಹೋಗಬೇಡಿ. ಇದು ನಿಮ್ಮೂರೇ ಎಂದುಕೊಂಡು ಕೇಳಿ.

ಆ ಊರಿನ ವಾಲೀಕಾರ ಹುಲೆಪ್ಪ. ಗೌಡರ ಚಾವಡಿಯ ಕಾಗದವನ್ನು ಆಳಂದದ ಕಚೇರಿಗೆ, ಕಚೇರಿಯ ಕಾಗದವನ್ನು ಚಾವಡಿಗೆ ನಡೆದುಕೊಂಡು ಹೋಗಿ ಮುಟ್ಟಿಸುವುದು ಅವನ ಕೆಲಸ. ಅವನ ಅಪ್ಪ ಇದನ್ನೇ ಮಾಡಿದ, ಅಜ್ಜನೂ ಇದನ್ನೇ ಮಾಡಿದ. ಕೆಲಸದ ಗುರುತಿಗೆ ಕೈಯಲ್ಲಿ ಒಂದು ಬಡಿಗೆ, ತಲೆಗೆ ಒಂದು ರುಮಾಲು. ಕೂಲಿ ಎಂದರೆ ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಜೋಳ. ಕಾಗದ ರುಮಾಲಿನ ಮಡಿಕೆಯೊಳಗೆ ಹೋಯಿತೆಂದರೆ ಮುಗಿಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಗದ ಕಳೆದಿಲ್ಲ, ಒಂದು ತೋಯ್ದಿಲ್ಲ.

ಇನ್ನೊಂದು ಹೆಮ್ಮೆಯೂ ಅವನಿಗಿತ್ತು. ಕಾಗದಕ್ಕೆ ಅಂಟು ಹಚ್ಚಿರಲಿ, ಬಿಡಲಿ, ವಾಲೀಕಾರ ಅದನ್ನು ಬಿಚ್ಚಬಾರದು. ಯಾರಿಗೂ ತೋರಿಸಬಾರದು. ಹುಲೆಪ್ಪ ಒಮ್ಮೆಯೂ ಬಿಚ್ಚಲಿಲ್ಲ. ಬಿಚ್ಚಿದ್ದರೂ ಅವನಿಗೆ ಒಂದಕ್ಷರ ಬರುತ್ತಿರಲಿಲ್ಲ, ಆ ಮಾತು ಬೇರೆ.

ಮಗ ದತ್ತಪ್ಪನಿಗೆ ಅಕ್ಷರ ಬರುತ್ತದೆ. ನಮ್ಮ ಕೇರಿಯವನೆಂದು ಒಳಗೆ ಬಿಡದ ಊರ ಸಾಲೆಯ ಹೊರಗಿನ ಕಟ್ಟೆಯ ಮೇಲೆ ಕೂತು ಮೊದಲ ಅಕ್ಷರ ಕಲಿತವನು, ಈಗ ಆಳಂದದ ದೊಡ್ಡ ಸಾಲೆಯಲ್ಲಿ ಹತ್ತನೇ ಜಮಾತಿನಲ್ಲಿದ್ದಾನೆ. ನಮ್ಮ ಕೇರಿಯಿಂದ ಅಷ್ಟು ದೂರ ಹೋದವನು ಅವನೊಬ್ಬನೇ. ಆಳಂದದಲ್ಲಿ ಕರೀಮಸಾಬ ಎಂಬ ದರ್ಜಿಯ ಅಂಗಡಿಯಲ್ಲೇ ಅವನ ವಾಸ. ಗುಂಡಿ ಹಚ್ಚಿಕೊಡುತ್ತಾನೆ, ಅಲ್ಲೇ ಉಂಡು ಓದುತ್ತಾನೆ. ಸೋಮವಾರದಿಂದ ಕಲಬುರ್ಗಿಯಲ್ಲಿ ಅವನ ಕೊನೆಯ ಪರೀಕ್ಷೆ.

ಈ ವರ್ಷ ಹುಲೆಪ್ಪನ ಮೊಣಕಾಲು ಬಾತಿತು.

"ದತ್ತೂಗ ಕರಸ್ರಿ ಇನ್ನ. ಬಡಿಗಿ ಅವನ ಕೈಯಾಗ ಕೊಡ್ರಿ," ಎಂದಳು ಹೆಂಡತಿ ಮಾಳಮ್ಮ. "ಬಡಿಗಿ ಬ್ಯಾರೆ ಮನಿಗಿ ಹೋತಂದ್ರ ಕಣದಾಗ ನಮಗ ಜ್ವಾಳ ಯಾರ ಹಾಕ್ತಾರ?"

"ಗೌಡ್ರೂ ಅದನ್ನಾ ಅಂದಾರ ಬೇ. ನಿನ್ನ ಕಾಲಿನ ಅರ್ಜಿ ಬರೀತೇನಿ, ಹೆಬ್ಬಟ್ಟ ಒತ್ತಂದ್ರು. ಒತ್ತಿ ಬಂದೇನಿ."

"ಏನ ಬರದಾರಂತ?"

"ಕಾಲ ನೋವಂತ ಬರದಾರ. ಮತ್ತೇನ ಬರೀತಾರ?"

"ಓದಿ ತೋರಿಸಿದ್ರೇನು?"

"ನಿನಗ ತಲಿ ಕೆಟ್ಟದೇನು? ಗೌಡ್ರು ಕುಂತು ನನಗ ಓದಿ ತೋರಿಸ್ತಾರೇನು?"

ಇಬ್ಬರಿಗೂ ಅದು ಸರಿಯಾದ ಮಾತೇ ಅನಿಸಿತು. ನಮ್ಮವರಿಗೆ ಹಾಗೇ ಅನಿಸುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಮರುದಿನ ಮುಂಜಾನೆ ಆ ಕಾಗದವನ್ನು ಆಳಂದಕ್ಕೆ ಒಯ್ಯಲು ಹುಲೆಪ್ಪನ ಕೈಗೇ ಕೊಟ್ಟರು. ಅವನು ಮೊಣಕಾಲಿಗೆ ಅರಿವೆ ಸುತ್ತಿಕೊಂಡು, ಕಾಗದವನ್ನು ರುಮಾಲಿನಲ್ಲಿ ಇಟ್ಟುಕೊಂಡು, ಅರ್ಧ ಹರದಾರಿಗೊಮ್ಮೆ ಕೂತು ಎದ್ದು ನಡೆದ.

ಕರೀಮಸಾಬನ ಅಂಗಡಿಯ ಮುಂದೆ ನೀರು ಕೇಳಿದ. ಕರೀಮಸಾಬ ತನ್ನ ಮನೆಯ ತಂಬಿಗೆಯಲ್ಲೇ ನೀರು ಕೊಟ್ಟ.

"ಬರೋಬ್ಬರಿ ಟೈಮಿಗಿ ಬಂದ್ರಿ ಹುಲೆಪ್ಪಣ್ಣ. ಇವತ್ತ ನಿಮ್ಮ ಹುಡುಗನ ಸಾಲ್ಯಾಗ ಆಖರಿ ದಿನ. ಹೆಡ್ ಮಾಸ್ತರ್ರು ಒಬ್ಬೊಬ್ಬರಿಗೆ ಎಬ್ಬಿಸಿ ಎರಡ ಸವಾಲ ಕೇಳ್ತಾರಂತ. ಮುಂದ ಏನಾಗ್ತಿ? ದುನಿಯಾದಾಗ ಎಲ್ಲಕ್ಕಿಂತ ದೊಡ್ಡ ತೊಂದರಿ ಯಾವುದು? ನಡೀರಿ, ಕೇಳಿ ಬರೋಣು."

"ದುನಿಯಾದ ತೊಂದರಿ ಈ ಪೋರಗೋಳಿಗಿ ಏನ ಗೊತ್ತರಿ? ನನ್ನ ಮೊಣಕಾಲಿಗಿ ಕೇಳ್ರಿ, ಅದು ಹೇಳ್ತದ."

"ನಿಮ್ಮ ಮೊಣಕಾಲ ಪರೀಕ್ಷಾಕ್ಕ ಕುಂತಿಲ್ಲಲ್ಲ. ನಡೀರಿ."

"ಕಚೇರಿಗಿ ಕಾಗದ ಮುಟ್ಟಸಬೇಕ್ರಿ."

"ಕಚೇರಿಯವರು ಉಂಡು, ಒಂದ ನಿದ್ದಿ ತಗದು ಬರ್ತಾರ. ಕಾಗದಕ್ಕೇನು ಕಾಲ ನೋಯಂಗಿಲ್ಲ. ಜಲ್ದಿ ನಡೀರಿ."

ಇಬ್ಬರೂ ಸಾಲೆಯ ಕಿಟಕಿಯ ಹೊರಗೆ ನಿಂತರು. ಒಳಗೆ ಹೆಡ್ ಮಾಸ್ತರರಾದ ಅನಂತರಾಯರು ಹೇಳುತ್ತಿದ್ದರು: "ಹತ್ತು ವರ್ಷ ಸರಕಾರದ ಉರ್ದುದಾಗ ಕಲ್ತೀರಿ. ಪರೀಕ್ಷಾದಾಗೂ ಅದರಾಗ ಬರೀರಿ. ಇವತ್ತೊಂದು ದಿನ ನಿಮ್ಮ ತಾಯಿಗಿ ತಿಳಿಯೋ ಮಾತಿನ್ಯಾಗ ಹೇಳ್ರಿ."

ಮೊದಲು ಎದ್ದವನು ವ್ಯಂಕಟೇಶ. ವಕೀಲನಾಗುತ್ತೇನೆ ಎಂದ. "ದೊಡ್ಡ ತೊಂದರಿ ಲಡಾಯಿ ಅದರಿ. ಲಡಾಯಿ ಎಲ್ಲೋ ನಡದದ, ಚಿಮಣಿ ಎಣ್ಣಿ ಇಲ್ಲದ ಕತ್ತಲ ನಮ್ಮ ಮನ್ಯಾಗ ಅದ."

"ಅಂದ್ರ ನಿನ್ನ ಅಭ್ಯಾಸ ಕಮ್ಮಿ ಆಗಿದ್ದಕ್ಕ ಜರ್ಮನಿಯವರೇ ಕಾರಣ ಅನ್ನು," ಎಂದರು ಮಾಸ್ತರರು. ಹುಡುಗರು ನಕ್ಕರು.

ಶರಫುದ್ದೀನ ಎದ್ದ. ರೈಲಿನ ಇಂಜಿನ್ ನಡೆಸುವ ಆಸೆ ಅವನಿಗೆ. "ಯಾವ ದೇಶ ಯಾರ ಕೈಯಾಗ ಅದ ಅಂತ ನಿನ್ನಿ ಕಲ್ತದ್ದು ಇವತ್ತ ತಪ್ಪಾಗಾಕತ್ತದ್ರಿ. ಪರೀಕ್ಷಾದಾಗ ಯಾವುದು ಬರೀಬೇಕು?" ಎಂದ. ಮತ್ತೆ ನಗೆ ಎದ್ದಿತು. ಆದರೆ ಅವನು ಕೂರಲಿಲ್ಲ. "ನಮ್ಮ ಚಾಚಾ ಫೌಜಿನ್ಯಾಗ ಬರ್ಮಾಕ್ಕ ಹೋಗ್ಯಾನ. ಅಂವ ಯಾರ ಸಲುವಾಗಿ ಹೊಡದಾಡಾಕತ್ಯಾನೋ ಅಂತ ಅವನ ತಾಯಿ, ನಮ್ಮ ದಾದಿ, ದಿನಾ ಕೇಳ್ತಾಳ್ರಿ. ಹತ್ತು ಜಮಾತ ಕಲ್ತರೂ ನನಗ ಹೇಳಾಕ ಬರಲಿಲ್ಲ." ಈ ಸಲ ಯಾರೂ ನಗಲಿಲ್ಲ.

ಒಂದು ಪಕ್ಕದ ಬೆಂಚಿನ ಮೇಲೆ ಮಾಸ್ತರರ ಮಗಳು ನರ್ಮದಾ ಒಬ್ಬಳೇ ಕೂತಿದ್ದಳು. ಆ ಜಮಾತಿನಲ್ಲಿ ಅವಳೊಬ್ಬಳೇ ಹುಡುಗಿ. "ನಾ ಡಾಕ್ಟರ್ ಆಗ್ತೇನಿ. ನಮ್ಮ ಸೋದರತ್ತಿ ಬಾಣಂತನದಾಗ ಸಾಯುವಾಗ ವೈದ್ಯರು ಪಡಸಾಲ್ಯಾಗೇ ಕುಂತಿದ್ರು. ಒಳಗ ಗಂಡಸರು ಬರಬಾರದಂತ ಹಿರೇರು ಅಂದ್ರು. ಔಷಧ ಎರಡು ಮಾರು ದೂರ ಇತ್ತು," ಎಂದು ಹೇಳಿ ಕೂತಳು.

ಆಮೇಲೆ ದತ್ತಪ್ಪ. ಅಪ್ಪ ಕಿಟಕಿಯ ಹೊರಗೆ ನಿಂತಿದ್ದು ಅವನಿಗೆ ಗೊತ್ತಿರಲಿಲ್ಲ.

"ನಮ್ಮಪ್ಪ ವಾಲೀಕಾರ ಅದಾನ್ರಿ. ಇಪ್ಪತ್ತೆರಡು ವರ್ಷ ಮಂದೀ ಸುದ್ದಿ ತಲೀ ಮ್ಯಾಲ ಹೊತಗೊಂಡು ನಡದಾನ. ಯಾರ ಹೊಲ ಹೋತು, ಯಾರ ಎತ್ತು ಜಪ್ತಿ ಆಯ್ತು, ಎಲ್ಲಾ ಅವನ ರುಮಾಲದಾಗೇ ಇತ್ತು. ಊರಾಗ ಎಲ್ಲರಿಗಿಂತ ಕಡೀಕ ಅವನಿಗೆ ತಿಳೀತಿತ್ತು. ಶರಫುದ್ದೀನನ ಚಾಚಾ ಬಂದೂಕ ಹೊತ್ತಾನ, ಯಾಕಂತ ಅವನಿಗೂ ಗೊತ್ತಿಲ್ಲ. ದುನಿಯಾದಾಗ ಹೊತ್ತವರು ಬ್ಯಾರೆ, ತಿಳದವರು ಬ್ಯಾರೆ ಆಗ್ಯಾರ. ಇದಾ ದೊಡ್ಡ ತೊಂದರಿ ಅಂತ ನನಗ ಅನಸ್ತದರಿ."

"ಮುಂದ ಏನಾಗ್ತಿ?"

"ನಮ್ಮೂರಾಗ ಮಾಸ್ತರ ಆಗ್ತೇನ್ರಿ. ಹುಡುಗರಕಿಂತ ಮೊದಲ ನಮ್ಮಪ್ಪಗ ಕಲಸ್ತೇನಿ. ಅಂವ ಭಾಳ ಹಟಮಾರಿ ಇದ್ದಾನ, ಎಷ್ಟ ವರ್ಷ ಹಿಡೀತದೋ ಏನೋ."

ಜಮಾತೆಲ್ಲ ನಕ್ಕಿತು. ಕರೀಮಸಾಬನೂ ನಕ್ಕ. ಹುಲೆಪ್ಪ ನಗಲಿಲ್ಲ. ಅವನ ಕೈ ರುಮಾಲಿನ ಕಡೆ ಹೋಯಿತು, ಕೆಳಗೆ ಬಂತು, ಮತ್ತೆ ಹೋಯಿತು.

ಸಾಲೆ ಬಿಟ್ಟ ಮೇಲೆ ಬೇವಿನ ಗಿಡದ ಕೆಳಗೆ ಮಗನನ್ನು ನಿಲ್ಲಿಸಿದ.

"ದತ್ತೂ, ಇದರಾಗ ನನ್ನ ಹೆಬ್ಬಟ್ಟ ಅದ. ಏನ ಬರದದ ನೋಡು."

ದತ್ತಪ್ಪ ಕೈ ಹಿಂದಕ್ಕೆ ತೆಗೆದ. "ಚಾವಡಿ ಕಾಗದ ಬಿಚ್ಚಬಾರದಂತ ಸಣ್ಣವನಿದ್ದಾಗಿಂದ ನೀನೇ ಹೇಳಾಕತ್ತಿ ಯಪ್ಪಾ."

ಕರೀಮಸಾಬ ನಡುವೆ ಬಂದ. "ಹುಲೆಪ್ಪಣ್ಣ, ಮಂದೀ ಕಾಗದ ಬಿಚ್ಚಬ್ಯಾಡ್ರಿ, ನಾ ಒಪ್ತೇನಿ. ಆದ್ರ ಹೆಬ್ಬಟ್ಟ ಯಾರದ? ಗೌಡರದೇನು? ತನ್ನ ಹೆಬ್ಬಟ್ಟ ಇದ್ದ ಕಾಗದ ತಾ ಕೇಳೋದು ಕಳವಲ್ಲ. ಹಕ್ಕದು."

ಕಾಗದಕ್ಕೆ ಅಂಟು ಹಚ್ಚಿರಲಿಲ್ಲ; ಹುಲೆಪ್ಪ ತಾನೇ ಬಿಚ್ಚಿ ಮಗನ ಮುಂದೆ ಹಿಡಿದ. ದತ್ತಪ್ಪ ಉರ್ದುವಿನಲ್ಲಿದ್ದುದನ್ನು ಕಣ್ಣಲ್ಲಿ ಓದಿದ. ಆಮೇಲೆ ನಿಧಾನವಾಗಿ ಕನ್ನಡದಲ್ಲಿ ಹೇಳಿದ:

"ನನ್ನ ಕಾಲ ಕೆಲಸಕ್ಕ ಬರಂಗಿಲ್ಲ. ನನ್ನ ಮಗ ದತ್ತ ಸಾಲಿ ಬಿಟ್ಟಾನ. ಬರೋ ಸೋಮವಾರದಿಂದ ಅಂವ ವಾಲೀಕಾರಕಿ ಮಾಡ್ತಾನ. ಜೀವ ಇರೋ ತನಕ ಬ್ಯಾರೆ ಕೆಲಸಕ್ಕ ಹೋಗಂಗಿಲ್ಲ. ಇದು ನಾನು ಖುಷಿಯಿಂದ ಬರೆಸಿದ್ದು."

ಸೋಮವಾರ. ಪರೀಕ್ಷೆಯ ಮೊದಲ ದಿನ. ಗೌಡರಿಗೆ ಅದು ಗೊತ್ತಿತ್ತೋ ಇಲ್ಲವೋ ನಾನು ಆಣೆ ಮಾಡಿ ಹೇಳಲಾರೆ. ಗೊತ್ತಿತ್ತು ಎಂದೇ ನನ್ನ ಮನಸ್ಸು ಹೇಳುತ್ತದೆ.

"ಸಾಲಿ ಬಿಟ್ಟಾನಂತ ನಾ ಅಂದಿಲ್ಲೋ," ಎಂದ ಹುಲೆಪ್ಪ. ಗಿಡದ ಬುಡಕ್ಕೆ ಕುಸಿದು ಕೂತ. "ಇದನ್ನ ನಾನಾ ಹೊತಗೊಂಡು ಬಂದೆ ದತ್ತೂ. ಕಾಲಿಗಿ ಅರಿವಿ ಸುತಗೊಂಡು, ಬಿಸಲಾಗ, ನಾನಾ ಹೊತಗೊಂಡು ಬಂದೆ."

"ಹರದ ಒಗೀರಿ ಅತ್ಲಾಗ," ಎಂದ ಕರೀಮಸಾಬ.

ಹುಲೆಪ್ಪ ಮೊಣಕಾಲು ನೀವಿಕೊಂಡ. ಕೊನೆಗೆ ಎದ್ದು ನಿಂತ. "ಹರಿಯಂಗಿಲ್ಲ. ಹರದ್ರ ಕಳದೆ ಅಂತಾರ, ಕಳವು ಮಾಡಿದೆ ಅಂತಾರ. ಇದನ್ನೂ ಮುಟ್ಟಸ್ತೇನಿ. ಇದರ ಜೋಡಿ ನನ್ನದೊಂದ ಕಾಗದ ಮುಟ್ಟಸ್ತೇನಿ. ಬರಿ ದತ್ತೂ."

ಕರೀಮಸಾಬನ ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ದತ್ತಪ್ಪ ಅಪ್ಪನ ಮಾತಿನಲ್ಲೇ ಅರ್ಜಿ ಬರೆದ: "ಮೊದಲ ಕಾಗದ ನನಗೆ ಓದಿ ಹೇಳಿರಲಿಲ್ಲ. ನನ್ನ ಮಗ ಸಾಲೆ ಬಿಟ್ಟಿಲ್ಲ. ಸೋಮವಾರ ಪರೀಕ್ಷೆಗೆ ಕೂರುತ್ತಾನೆ. ನನ್ನ ಕಾಲು ವಾಸಿಯಾಗುವ ತನಕ ನಾನೂ ನನ್ನ ತಮ್ಮ ಮಲ್ಕಪ್ಪನೂ ಸೇರಿ ಕೆಲಸ ನಡೆಸುತ್ತೇವೆ." ಬರೆದದ್ದನ್ನು ಓದಿ ತೋರಿಸಿದ.

"ಇನ್ನೊಮ್ಮಿ ಓದು," ಎಂದ ಹುಲೆಪ್ಪ. ಎರಡನೇ ಸಲ ಕೇಳಿ ಹುಬ್ಬು ಗಂಟಿಕ್ಕಿದ. "ದಯಮಾಡಿ, ದಯಮಾಡಿ ಅಂತ ನಾಕ ಸಲ ಯಾಕ ಬರದಿ?"

"ಅರ್ಜಿಯಾಗ ಹಂಗಾ ಬರೀತಾರ ಯಪ್ಪಾ."

"ಒಂದ ಇರಲಿ. ಮೂರ ತಗಿ."

ಮೂರು ತೆಗೆದ ಮೇಲೆಯೇ ಹೆಬ್ಬೆಟ್ಟು ಒತ್ತಿದ. ಮಲ್ಕಪ್ಪನಿಗೆ ಅಣ್ಣನ ಮಾತೇ ಕೊನೆ, ಆ ಚಿಂತೆ ಇರಲಿಲ್ಲ.

ಕಚೇರಿಯ ಕಾರಕೂನ ಎರಡೂ ಕಾಗದ ಓದಿ ಕನ್ನಡಕದ ಮೇಲಿಂದ ನೋಡಿದ. "ಎರಡರಾಗೂ ನಿನ್ನ ಹೆಬ್ಬಟ್ಟ ಅದ. ಖರೆ ಯಾವುದು?"

"ಎರಡನೇದ್ರಿ ಸಾಹೇಬ್ರ. ಅದನ್ನ ಓದಿಸಿ ಕೇಳೇನಿ. ಮೊದಲ್ನೇದು ಬರೇ ಒತ್ತೇನಿ."

ಕಾರಕೂನ ಮೊದಲ ಕಾಗದವನ್ನು ಇನ್ನೊಮ್ಮೆ ನೋಡಿದ. ಆಮೇಲೆ, "ಹುಡುಗನಿಗಿ ಕೇಳದ ಹುಡುಗನ ಹೆಸರ ಹಚ್ಚಾಕ ಬರಂಗಿಲ್ಲ," ಎಂದು ಎರಡನೇ ಕಾಗದವನ್ನು ಮೇಲಿಟ್ಟುಕೊಂಡ. ಅಷ್ಟೇ. ಆಕಾಶ ಬೀಳಲಿಲ್ಲ. ಭೂಮಿ ಬಿರಿಯಲಿಲ್ಲ.

ಹುಲೆಪ್ಪ ಊರಿಗೆ ಬಂದು ಎಲ್ಲ ಹೇಳಿದ. ಮಾಳಮ್ಮ ಮೊದಲು ಹೌಹಾರಿದಳು. "ಗೌಡ್ರಿಗಿ ಎದರಿಗಿ ನಿಂತ ಮ್ಯಾಲ ನಮ್ಮದು ಊರಾಗ ನಡೀತದೇನ್ರಿ? ಕಣದಾಗ ಕಾಳ ಕೊಡ್ತಾರೇನು?"

"ಈ ಸಲ ಕಮ್ಮಿ ಕೊಡಬಹುದು. ಆದ್ರ ಜೀವ ಇರೋ ತನಕ ಅಂತ ಬರದಿದ್ರು ಬೇ. ಮಗನ ಜೀವ. ನಾ ಅದಕ್ಕ ಹೆಬ್ಬಟ್ಟ ಒತ್ತಿದ್ದೆ."

ಮಾಳಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡಳು. "ನಮ್ಮಪ್ಪ ಸತ್ತಾಗ ತವರೂರು ಸೊನ್ನದಾಗ ನಾನೂ ಒಂದ ಕಾಗದಕ್ಕ ಒತ್ತೇನ್ರಿ. ಅಣ್ಣಗೋಳು ಒತ್ತಂದ್ರು, ಒತ್ತಿದೆ. ಅದರಾಗ ಏನಿತ್ತೋ!"

ಇಬ್ಬರೂ ಆ ಬೆರಳನ್ನೇ ನೋಡುತ್ತ ಕೂತರು. ಆಮೇಲೆ ಅವಳು ಇನ್ನೂ ಆರು ರೊಟ್ಟಿ ಹೆಚ್ಚಿಗೆ ಬಡಿದು, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿ, "ಇದನ್ನ ದತ್ತೂಗ ಮುಟ್ಟಸ್ರಿ. ಕಲಬುರ್ಗ್ಯಾಗ ಉಪಾಸ ಕುಂತು ಬರೀಬಾರದು," ಎಂದಳು.

ಸೋಮವಾರ ಬಂತು. ದತ್ತಪ್ಪ ಕಲಬುರ್ಗಿಯಲ್ಲಿ ಪರೀಕ್ಷೆಗೆ ಕೂತ. ಅದೇ ಹೊತ್ತಿಗೆ ಹುಲೆಪ್ಪ ಬಡಿಗೆ ಊರಿಕೊಂಡು ಚಾವಡಿಗೆ ಹೋದ. ಗೌಡರು ಮುಖ ನೋಡದೆ ಒಂದು ಕಾಗದವನ್ನು ಅವನ ಕಾಲ ಬಳಿ ಎಸೆದರು.

"ಏ ಹುಲ್ಯಾ, ಒಯ್ಯಿ."

ಹುಲೆಪ್ಪ ಕಾಗದ ಎತ್ತಿಕೊಂಡ. ರುಮಾಲಿನಲ್ಲಿ ಇಡಲಿಲ್ಲ. ಕೈಯಲ್ಲೇ ಹಿಡಿದು ನಿಂತ.

"ಏನ ಬರದದ್ರಿ ಗೌಡ್ರ ಇದರಾಗ?"

ಚಾವಡಿಯಲ್ಲಿದ್ದವರು ಎಲೆ ಅಗಿಯುವುದನ್ನು ನಿಲ್ಲಿಸಿದರು. "ವಾಲೀಕಾರ ಯಾವಾಗಿಂದ ಲೇ ಇದನ್ನೆಲ್ಲಾ ಕೇಳಾಕತ್ತಾನ?" ಎಂದರು ಗೌಡರು.

"ಇವತ್ತ ಸೋಮವಾರ ಅಲ್ಲೇನ್ರಿ," ಎಂದ ಹುಲೆಪ್ಪ. "ಇವತ್ತಿಂದ."

ಅಣ್ಣಗಳಿರಾ, ಅಕ್ಕಗಳಿರಾ, ದತ್ತಪ್ಪ ಪಾಸಾದನೇ ಎಂದು ಕೇಳುತ್ತೀರಿ. ಇದನ್ನು ಬರೆಯುವಾಗ ಇನ್ನೂ ಫಲಿತಾಂಶ ಬಂದಿಲ್ಲ. ಆದರೆ ಅವನು ಕೂತ. ಅದು ಆಗಿಹೋಗಿದೆ, ಅದನ್ನು ಇನ್ನು ಯಾರೂ ಅಳಿಸಲಾರರು.

ನಿಮ್ಮ ಮನೆಯಲ್ಲಿ ಕೊನೆಯ ಜಮಾತಿನಲ್ಲಿ ಓದುವ ಮಗ ಇದ್ದಾನೆಯೇ? ಮಗಳು ಇದ್ದಾಳೆಯೇ? ಇವತ್ತು ಉಂಡು ಕೂತಾಗ ಆ ಎರಡು ಸವಾಲು ಅವರಿಗೆ ಕೇಳಿ: ಮುಂದೆ ಏನಾಗುತ್ತಿ, ದುನಿಯಾದ ದೊಡ್ಡ ತೊಂದರೆ ಯಾವುದು. ನಗಬೇಡಿ. ಪೂರ್ತಿ ಕೇಳಿ. ಪರೀಕ್ಷೆ ಮುಗಿಯುವ ತನಕ ಬಡಿಗೆಯನ್ನಾಗಲಿ, ಬುಟ್ಟಿಯನ್ನಾಗಲಿ, ಬಾಸಿಂಗವನ್ನಾಗಲಿ ಅವರ ಕಡೆ ತರಬೇಡಿ. ಯಾವ ಕಾಗದವನ್ನೂ ನಿಮ್ಮವರೊಬ್ಬರು ಎರಡು ಸಲ ಓದಿ ಹೇಳುವ ತನಕ ನಿಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೇ ಇಟ್ಟುಕೊಳ್ಳಿ. ಓದುವವರು ಮನೆಯಲ್ಲಿಲ್ಲದಿದ್ದರೆ ಕೇರಿಯಲ್ಲಿ ಹುಡುಕಿ, ಕೇರಿಯಲ್ಲಿಲ್ಲದಿದ್ದರೆ ಕರೀಮಸಾಬನಂಥವರ ಅಂಗಡಿಗೆ ಹೋಗಿ.

ನಾನು ನಾಲ್ಕನೇ ಜಮಾತಿಗೆ ಸಾಲೆ ಬಿಟ್ಟವನು. ನನ್ನನ್ನು ಸಾಲೆ ಬಿಡಿಸಿದ ಕಾಗದವನ್ನು ಯಾರು ಬರೆದರೋ, ಯಾರು ಹೊತ್ತು ಮುಟ್ಟಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಮಕ್ಕಳದು ನಿಮ್ಮ ರುಮಾಲಿನಲ್ಲಿ ಇದೆಯೋ ಏನೋ, ಬಿಚ್ಚಿ ನೋಡಿ.