ಹೇಳದೆ ಉಳಿದ ಹೆಸರು

ಬಲಗಾಲು ಮಡಚಲೊಲ್ಲದು. ಇಬ್ಬರು ಹಿಡಿದು ಒತ್ತಿದರು, ಬಿಸಿನೀರು ಸುರಿದು ತಿಕ್ಕಿದರು. ಆದರೂ ಶಿವಯೋಗೆಪ್ಪನ ಮೊಣಕಾಲು ಕಟ್ಟಿಗೆಯ ಹಾಗೆ ನೆಟ್ಟಗೇ ಇತ್ತು. ಎಡಗಾಲು ಮಾತ್ರ ಹೇಳಿದಂತೆ ಕೇಳಿ ಮಡಚಿಕೊಂಡಿತ್ತು. ಕಾಲು ಮಡಚಿ ಕೂರಿಸಿಯೇ ಹೂಳುವುದು ಅವರ ರೂಢಿ. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ತಲೆ ಜೋಲದಂತೆ ಬಟ್ಟೆಯಿಂದ ಮೇಲಿನ ಗೂಟಕ್ಕೆ ಕಟ್ಟಿದ್ದರು.

"ಸ್ವಲ್ಪ ಜೋರ ಮಾಡಿದ್ರ ಕೂಡ್ತೈತ್ರಿ ಅಯ್ಯನವರ," ಎಂದ ರೈಲ್ವೆ ಶೆಡ್ಡಿನ ಖಲಾಸಿಯೊಬ್ಬ. "ಎಲುಬ ಲಟ್ ಅಂದ್ರೂ ಈಗೇನ ನೋವಾಗೂದಿಲ್ಲಲ್ಲ."

ಕ್ರಿಯೆ ಮಾಡಿಸಲು ಬಂದಿದ್ದ ಈರಯ್ಯ ಗುರುಸಿದ್ದವ್ವನ ಕಡೆ ನೋಡಿದ. ಆಕೆ ಗಂಡನ ಹೆಣದ ಪಕ್ಕ ಕೂತಿದ್ದಳು.

"ಮುರೀಬ್ಯಾಡ್ರಿ," ಎಂದಳು. "ಒಮ್ಮೆ ಮುರದದ್ದ ಸಾಕು. ಹಂಗ ಚಾಚಿಕೊಂಡ ಕುಂದರ್ಲಿ."

"ಕುಣಿ ದೊಡ್ಡದ ತಗೀಬೇಕಾಗ್ತೈತಲ್ಲವ್ವಾ."

"ತಗೀರಿ."

ಈರಯ್ಯ ಹಣೆಗೆ ವಿಭೂತಿ ಬಳಿದ. ಇಬ್ರಾಹಿಂಪುರದ ಆ ಎರಡು ಖೋಲಿಯ ಮನೆ ಮುಂದೆ ಹಲಗಿಯವರು ಬಂದು ಕೂತಿದ್ದರು. ಅಂಗಳದಲ್ಲಿ ಹೆಂಗಸರ ಪಿಸುಮಾತು ಒಳಗಿನವರೆಗೂ ಕೇಳುತ್ತಿತ್ತು.

"ಎಂಥಾ ಡ್ರೈವರ್ ಇದ್ದಾಂವ," ಎಂದಳು ಪಕ್ಕದ ಮನೆಯ ಮುರಿಗೆವ್ವ. "ಕಡೀಕ ಇಂಜಿನ್ ಒರಸ್ಕೋತ ಒರಸ್ಕೋತ, ಅದರ ಗಾಲಿ ಬಾಜೂಕ ಬಿದ್ದ ಸತ್ತ ನೋಡ."

"ಆ ಗಾಡಿ ಬಿದ್ದ ಮ್ಯಾಲ ಕಂಪನಿಯವರು ಕೆಳಗ ಇಳಿಸಿದ್ರಲ್ಲ," ಎಂದಳು ಇನ್ನೊಬ್ಬಳು. " ಹಳಿ ಕಿತ್ತಾವ್ರು ಯಾರಂತ ಇಂವಗ ಗೊತ್ತಿತ್ತು ಅಂತಾರ."

"ಸುಮ್ನಿರ ಬೇ. ಪೀರಾಂಬಿ ಬಂದ್ಲು."

ಶಿವಯೋಗೆಪ್ಪನ ಫೈರ್‌ಮನ್ ಆಗಿದ್ದ ಪೀರಸಾಬನ ಹೆಂಡತಿ ಪೀರಾಂಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಬಂದಳು. ಉಡಿಯಲ್ಲಿ ತಂದಿದ್ದ ಸೇವಂತಿಗೆ ಹೂವನ್ನು ಹೆಣದ ತೊಡೆಯ ಮೇಲೆ ಸುರಿದು, ಗುರುಸಿದ್ದವ್ವನಿಗೆ ಒತ್ತಿಕೊಂಡೇ ಕೂತಳು.

"ಅಕ್ಕಾ," ಎಂದಳು, "ನನ್ನ ಗಂಡ ಹೋದ ಮ್ಯಾಲ ಬಾಗಿಲಿಗೆ ಬಂದು, ಉಂಡೀ ಏನವ್ವಾ ಅಂತ ಕೇಳಿದಾಂವ ಈ ಅಣ್ಣ ಒಬ್ಬನ. ಟಿಕೋಟಾದಾಗ ನನ್ನ ಒಡಹುಟ್ಟಿದಾವ್ರ ಅದಾರ. ಅವರೂ ಕೇಳಲಿಲ್ಲ."

ಗುರುಸಿದ್ದವ್ವ ಅವಳ ಕೈ ಹಿಡಿದುಕೊಂಡಳು. ಮುಖ ನೋಡಲಿಲ್ಲ.

*

ಶಿವಯೋಗೆಪ್ಪ ಕನಮಡಿಯ ಹೊಲ ಬಿಟ್ಟು, ಮೀಸೆ ಮೂಡುವ ಮೊದಲೇ ಬಿಜಾಪುರದ ಶೆಡ್ಡು ಸೇರಿದವನು. ಸಂತೆಗೆಂದು ಅಪ್ಪನ ಜೊತೆ ಬಂದವನು ಹಳಿಯ ಪಕ್ಕ ನಿಂತು ಇಂಜಿನ್ ನೋಡಿದ. ಆಮೇಲೆ ಎತ್ತಿನ ಹಿಂದೆ ನಡೆಯಲು ಅವನಿಗೆ ಮನಸ್ಸೇ ಬರಲಿಲ್ಲ. ಗಾಲಿ ಒರೆಸಿದ, ಕಲ್ಲಿದ್ದಲು ಹೊತ್ತ, ಫೈರ್‌ಮನ್ ಆದ. ಮೇಲ್ ಗಾಡಿಗಳೆಲ್ಲ ಗೋರಾ ಡ್ರೈವರುಗಳ ಪಾಲು. ನಮ್ಮವರಿಗೆ ಸಲಿಕೆಯೇ ಗತಿ. ಯುದ್ಧ ಬಂದು ಸಾಹೇಬರು ಪಲ್ಟಣ ಸೇರಿದ ಮೇಲೆ ಅವನಿಗೆ ಗೂಡ್ಸ್ ಗಾಡಿ ಸಿಕ್ಕಿತು.

ಅವನ ಪಾಲಿಗೆ ಬಂದದ್ದು ಹಳೆಯ ಇಂಜಿನ್. ಗಟ್ಟಿಮುಟ್ಟಾದವನ್ನೆಲ್ಲ ಬಿಚ್ಚಿ, ಹಡಗಿಗೆ ಹೇರಿ ಬಸ್ರಾದ ಕಡೆ ಯುದ್ಧಕ್ಕೆ ಕಳಿಸಿದ್ದರು. ಉಳಿದದ್ದು ಅವನ ತಂದೆಯ ವಯಸ್ಸಿನದು. ಗ್ಲಾಸ್ಗೋ ಎಂಬ ಊರಲ್ಲಿ ಹುಟ್ಟಿ, ಮುರಗಾಂವ ಬಂದರದಲ್ಲಿ ಇಳಿದು ಬಂದದ್ದು. ಬಾಯ್ಲರಿಗೆ ಮೇಲಿಂದ ಮೇಲೆ ತೇಪೆ ಬಿದ್ದಿತ್ತು. ಆದರೂ ಅದರ ಪಕ್ಕೆಯ ಹಿತ್ತಾಳೆ ಫಲಕವನ್ನು ಶಿವಯೋಗೆಪ್ಪ ದಿನಾ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದ.

"ಅದರ ಮ್ಯಾಲ ಏನ ಬರದೈತಿ?" ಎಂದು ಗುರುಸಿದ್ದವ್ವ ಒಮ್ಮೆ ಕೇಳಿದ್ದಳು.

"ಮಾಡಿದಾವ್ರ ಹೆಸರ ಅಂತ. ಎಷ್ಟ ದೂರ ಬಂದ್ರೂ ಮಾಡಿದಾವ್ರ ಹೆಸರ ಮೈಮ್ಯಾಲ ಇಟ್ಕೊಂಡೈತಿ ನೋಡ."

ಪೀರಸಾಬ ಅವನ ಜೊತೆಗೆ ಬಂದದ್ದೂ ಆಗಲೇ. ಏರು ಬಂದಾಗ ಇಂಜಿನ್ ಏದುಸಿರು ಬಿಡುತ್ತಿದ್ದರೆ ಪೀರಸಾಬ ಸಲಿಕೆ ಬೀಸುತ್ತ ಅದನ್ನು ಎಮ್ಮೆಯಂತೆ ಬೈದು, ರಮಿಸಿ ಹತ್ತಿಸುತ್ತಿದ್ದ. ಇಬ್ಬರೂ ಒಂದೇ ಗಂಟು ಬಿಚ್ಚಿ ಉಣ್ಣುತ್ತಿದ್ದರು. ಗುರುಸಿದ್ದವ್ವ ಇಬ್ಬರ ಲೆಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದಳು.

ನಲವತ್ತೆರಡರ ಚಳುವಳಿಯ ದಿನಗಳವು. ತಂತಿ ಕಡಿಯುತ್ತಿದ್ದರು, ಸ್ಟೇಷನ್ನುಗಳಿಗೆ ಬೆಂಕಿ ಹಚ್ಚುತ್ತಿದ್ದರು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಗೂಡ್ಸ್ ಗಾಡಿ ಮುಳವಾಡದ ಹತ್ತಿರದ ತಿರುವಿಗೆ ಬಂದಾಗ, ಹಳಿಯ ಪಕ್ಕದಿಂದ ಒಬ್ಬ ಹಾರೆ ಹಿಡಿದು ಎದ್ದು ಓಡಿದ. ಓಡುತ್ತ ಒಮ್ಮೆ ಹೊರಳಿ ನೋಡಿದ. ಶಿವಯೋಗೆಪ್ಪ ಆ ಮುಖ ನೋಡಿದ, ಬ್ರೇಕ್ ಎಳೆದ. ಅಷ್ಟರಲ್ಲಿ ಹಳಿ ಮುಗಿದಿತ್ತು.

ಇಂಜಿನ್ ಎಡಕ್ಕೆ ವಾಲಿ ಏರಿಯ ಕೆಳಗೆ ಉರುಳಿತು. ಶಿವಯೋಗೆಪ್ಪ ಜೋಳದ ಹೊಲಕ್ಕೆ ಎಸೆಯಲ್ಪಟ್ಟ. ಪೀರಸಾಬ ಒಳಗೇ ಸಿಕ್ಕಿಬಿದ್ದ. ಒಡೆದ ಕೊಳವೆಯಿಂದ ಉಗಿ ಭುಸುಗುಡುತ್ತಿತ್ತು. "ಅಣ್ಣಾ, ಬಂದ್ ಮಾಡೋ, ವಾಲ್ ಬಂದ್ ಮಾಡೋ" ಎಂದು ಒಳಗಿಂದ ಕೂಗುತ್ತಿದ್ದ. ಮುರಿದ ಕಾಲು ಎಳೆಯುತ್ತ ಶಿವಯೋಗೆಪ್ಪ ತೆವಳಿ ಹೋದ. ಉಗಿ ತಡೆಯುವ ವಾಲ್ ಇಂಜಿನ್ನಿನ ಅಡಿಗೆ ಸೇರಿತ್ತು. ಕೂಗು ನಿಲ್ಲುವತನಕ ಅವನು ಅಲ್ಲೇ ಮಣ್ಣು ಬಗೆಯುತ್ತಿದ್ದನಂತೆ.

ಆಸ್ಪತ್ರೆಗೆ ಓಡಿ ಬಂದ ಹೆಂಡತಿಗೆ ಅವನು ಹೇಳಿದ ಮೊದಲ ಮಾತು, "ನಿನ್ನ ತಮ್ಮನ್ನ ನೋಡಿದ್ನಿ."

ಬಬಲೇಶ್ವರದ ಅವಳ ತವರಿನಲ್ಲಿ ಗಂಡೆಂದರೆ ಆ ಶಂಕ್ರೆಪ್ಪ ಒಬ್ಬನೇ. ಹೇಳಬೇಡ ಎಂದು ಅವಳು ಕೇಳುವ ಪ್ರಸಂಗವನ್ನು ಅವನೇ ತಪ್ಪಿಸಿದ.

"ಹೆಸರ ಹೇಳಿದ್ರ ಗಲ್ಲಿಗೆ ಹಾಕ್ತಾರ. ಒಂದು ಮನಿ ಹಾಳಾಗೇತಿ. ಇನ್ನೊಂದ ನನ್ನ ಬಾಯಿಂದ ಬ್ಯಾಡ."

ಪೊಲೀಸರು ಬಂದರು. ಕೇಳಿದರು, ಬೈದರು, ಕೊನೆಗೆ ಕಟ್ಟು ಹಾಕಿದ್ದ ಅದೇ ಕಾಲನ್ನು ತಿರುವಿದರು. ಮಂಜಿತ್ತು, ಯಾರೂ ಕಾಣಲಿಲ್ಲ ಎಂಬ ಮಾತನ್ನು ಅವನು ಬಿಡಲಿಲ್ಲ. ಮೊಣಕಾಲು ಮತ್ತೆ ಮಡಚದಂತೆ ಕೂಡಿಕೊಂಡಿತು. ಕಂಪನಿ ಅವನನ್ನು ಮತ್ತೆ ಇಂಜಿನ್ ಹತ್ತಿಸಲಿಲ್ಲ. ಹುಡುಗನಾಗಿ ಶುರುಮಾಡಿದ ಗಾಲಿ ಒರೆಸುವ ಕೆಲಸಕ್ಕೇ ಮರಳಿ ಹಚ್ಚಿತು.

ಪೀರಾಂಬಿಯೂ ಒಮ್ಮೆ ಕೇಳಿದಳು. "ಅಣ್ಣಾ, ಖರೇ ಹೇಳು, ಅಲ್ಲಿ ಯಾರಿದ್ರು?"

"ಮಂಜಿತ್ತವ್ವಾ."

ಪೊಲೀಸರು ನಂಬದ ಮಾತನ್ನು ಅವಳು ನಂಬಿದಳು. ಆ ದಿನ ಶಿವಯೋಗೆಪ್ಪ ಗಂಗಾಳದ ಮುಂದೆ ಕೂತು, ತುತ್ತು ಮುಟ್ಟದೆ ಎದ್ದು ಹೋಗಿದ್ದ.

*

ಹೆಣವನ್ನು ಕೂರಿಸಿ ಹೊರುವ ವಿಮಾನ ಕಟ್ಟಿ ಮುಗಿಯುವ ಹೊತ್ತಿಗೆ ಶಂಕ್ರೆಪ್ಪ ಬಂದ. ಬಿಳಿ ಟೋಪಿ, ಖಾದಿ ಅಂಗಿ, ಹಿಂದೆ ಅಂಥದೇ ಟೋಪಿಯ ನಾಲ್ಕಾರು ಜನ. ಬೇರೊಂದು ಮೊಕದ್ದಮೆಯಲ್ಲಿ ಜೈಲಿಗೆ ಹೋಗಿ ಬಂದಿದ್ದ ಅವನಿಗೆ, ಸ್ವಾತಂತ್ರ್ಯ ಬಂದ ಮೇಲೆ ಊರೂರಲ್ಲಿ ಹಾರ ಬೀಳುತ್ತಿತ್ತು. ಹೆಣದ ಕಾಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಆ ಅಳು ಸುಳ್ಳಲ್ಲ ಎಂದು ಗುರುಸಿದ್ದವ್ವನಿಗೆ ಗೊತ್ತಿತ್ತು. ಎದ್ದವನೇ ಚೀಲದಿಂದ ತ್ರಿವರ್ಣದ ಬಾವುಟ ತೆಗೆದು ಶಿವಯೋಗೆಪ್ಪನ ಹೆಗಲಿಗೆ ಹೊದಿಸಿ, ಅಂಗಳದ ಜನರ ಕಡೆ ತಿರುಗಿದ.

"ಇಷ್ಟ ದಿನ ಹೇಳೂ ಹಂಗ ಇರಲಿಲ್ಲ, ಇವತ್ತ ಹೇಳ್ತೇನ್ರಿ. ನಮ್ಮಕ್ಕನ ಗಂಡ, ಈ ಮಾಮಾ ಬರೇ ಡ್ರೈವರ್ ಅಲ್ಲ. ಮುಳವಾಡದ ಹಳಿ ಕಿತ್ತಾವ್ರು ನಾವು. ನಮ್ಮ ಕೂಡ ಅವರೂ ಇದ್ರು. ಇಂಥಾ ಜಾಗಾದಾಗ ಹಳಿ ಇರೂದಿಲ್ಲಂತ ಗೊತ್ತಿದ್ದ, ದೇಶದ ಸಲುವಾಗಿ ಆ ಗಾಡಿ ತಂದ್ರು. ಪೊಲೀಸರು ಕಾಲ ಮುರದ್ರೂ ನಮ್ಮ ಹೆಸರ ಬಿಟ್ಟ ಕೊಡಲಿಲ್ಲ."

ಜೊತೆಯವರು ಜೈಕಾರ ಹಾಕಿದರು. ಗುರುಸಿದ್ದವ್ವನ ಕೈಯೊಳಗೆ ಇದ್ದ ಪೀರಾಂಬಿಯ ಕೈ ಮೆಲ್ಲಗೆ ಜಾರಿ ಹೊರಗೆ ಹೋಯಿತು.

"ಸುಳ್ಳು," ಎಂದಳು ಗುರುಸಿದ್ದವ್ವ.

ಯಾರಿಗೂ ಕೇಳಿಸಲಿಲ್ಲ. ಅವಳು ಗೋಡೆ ಹಿಡಿದು ಎದ್ದು ನಿಂತಳು.

"ಸುಳ್ಳ ಹೇಳಬ್ಯಾಡೋ ಶಂಕ್ರ್ಯಾ. ಗೊತ್ತಿದ್ರ ಪೀರಸಾಬನ್ನ ಬಾಜೂಕ ನಿಂದರಿಸ್ಕೊಂಡು ಹೋಗ್ತಿದ್ರ? ಅವ್ರು ನಿನ್ನ ಕೂಡ ಎಂದ ಬಂದಿದ್ರು? ಹೇಳು, ಅವರ ಮುಖ ನೋಡಿ ಹೇಳು."

"ಅಕ್ಕಾ..." ಶಂಕ್ರೆಪ್ಪ ಹತ್ತಿರ ಬಂದು ದನಿ ಇಳಿಸಿದ. "ಹಿಂಗಂದ್ರ ಮಾಮಾನ ಹೆಸರ ಉಳೀತೈತಿ. ಒರಸಾಂವ ಆಗಿ ಸತ್ತ ಅನಿಸ್ಕೋಬೇಕ? ನಾ ಅವರಿಗೆ ಇನ್ನೇನ ಕೊಡ್ಲಿ?"

"ನೀ ಕೊಟ್ಟದ್ದ ಸಾಕು."

"ಕೆಂಪ ಅರಿವಿ ಕಟ್ಟಿದ್ವಿ ಅಕ್ಕಾ, ದೇವರಾಣಿ. ಗಾಡಿ ನಿಲ್ಲಲಿ ಅಂತನ ಕಟ್ಟಿದ್ವಿ. ಗಾಳಿಗೆ ಹಾರಿ ಹೋಗಿತ್ತೋ ಏನೋ. ಮಂದಿ ಸಾಯ್ಲಿ ಅಂತ ಯಾರ ಮಾಡ್ತಾರ?"

ಜೈಕಾರ ಹಾಕಿದವರು ನೆಲ ನೋಡುತ್ತಿದ್ದರು. ಪೀರಾಂಬಿ ಎದ್ದು ಬಂದು ಇಬ್ಬರ ನಡುವೆ ನಿಂತಳು. ಶಂಕ್ರೆಪ್ಪನನ್ನು ಅವಳು ನೋಡಲೂ ಇಲ್ಲ.

"ಅಕ್ಕಾ, ಹಳಿ ಕಿತ್ತಾಂವ ಇಂವ ಅಂತ ಅಣ್ಣಗ ಗೊತ್ತಿತ್ತಾ?"

ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಶಿವಯೋಗೆಪ್ಪ ಪೀರಾಂಬಿಯ ಅಣ್ಣನಾಗಿಯೇ ಮಣ್ಣಿಗೆ ಹೋಗುತ್ತಿದ್ದ. ಆದರೆ ಗುರುಸಿದ್ದವ್ವನ ಬಾಯಿಂದ ಈಗಷ್ಟೇ ಒಂದು ನಿಜ ಹೊರಬಿದ್ದಿತ್ತು. ಅದರ ಬೆನ್ನಿಗೇ ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

"ಗೊತ್ತಿತ್ತು."

"ನಿನಗ?"

"ನನಗೂ."

ಪೀರಾಂಬಿ ಹೆಣದ ಮುಂದೆ ಬಗ್ಗಿ, ತಾನು ಸುರಿದಿದ್ದ ಸೇವಂತಿಗೆಯನ್ನು ಒಂದೊಂದಾಗಿ ಆರಿಸಿ ಉಡಿಗೆ ಹಾಕಿಕೊಂಡಳು. ಬಾವುಟದ ಮಡಿಕೆಯಲ್ಲಿ ಸಿಕ್ಕಿದ್ದನ್ನೂ ಬಿಡಲಿಲ್ಲ. ಜನ ದಾರಿ ಬಿಟ್ಟರು. ಅವಳು ಬಾಗಿಲು ದಾಟಿ ಹೋದಳು.

"ಆಕಿ ಹಿಂದ ಹೋಗ್ರಿ ಯಾರರೆ," ಎಂದಳು ಮುರಿಗೆವ್ವ. ಯಾರೂ ಹೋಗಲಿಲ್ಲ.

ಈರಯ್ಯ ಬಾವುಟವನ್ನು ಹೆಗಲಿಂದ ತೆಗೆದು, ಮಡಚಿ ಶಂಕ್ರೆಪ್ಪನ ಕೈಗೆ ಕೊಟ್ಟ. "ಹೊತ್ತಾತು," ಎಂದ. "ಎತ್ರಿ."

*

ರುದ್ರಭೂಮಿ ಹಳಿಯ ಆಚೆ ಇತ್ತು. ಹೆಂಗಸರು ರೈಲ್ವೆ ಗೇಟಿನ ತನಕ ಹೋಗಿ ನಿಲ್ಲುವುದು ಆ ಓಣಿಯ ರೂಢಿ. ವಿಮಾನದಲ್ಲಿ ಒಂದು ಕಾಲು ಚಾಚಿ ಕೂತ ಶಿವಯೋಗೆಪ್ಪ ಹಲಗಿಯ ಸಪ್ಪಳದ ಹಿಂದೆ ತೂಗಾಡುತ್ತ ಹೋದ. ಶಂಕ್ರೆಪ್ಪ ಹೆಗಲು ಕೊಡಲು ಬಂದ. ಖಲಾಸಿಗಳು ಜಾಗ ಬಿಡಲಿಲ್ಲ. ಅವನು ಎಲ್ಲರಿಗಿಂತ ಹಿಂದೆ ಒಬ್ಬನೇ ಬರುತ್ತಿದ್ದ.

ಗೇಟು ಹಾಕಿತ್ತು. ಹೋಟಗಿಯಿಂದ ಬರುವ ಗೂಡ್ಸಿಗೆ ಸಿಗ್ನಲ್ ಬಿದ್ದಿತ್ತು.

"ಸಾವ ಐತೋ, ತಗೀ ಗೇಟ್," ಎಂದ ಒಬ್ಬ.

"ಗಾಡಿ ಕಣ್ಣಿಗೆ ಬಂತ್ರಿ, ತಗೀಲಿಕ್ಕೆ ಬರೂದಿಲ್ಲ," ಎಂದ ಗೇಟಿನವನು, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು.

ಎಲ್ಲರೂ ನಿಂತರು. ಹೊತ್ತವರು ವಿಮಾನ ಇಳಿಸಲಿಲ್ಲ. ಗುರುಸಿದ್ದವ್ವ ಅದರ ಕೋಲು ಹಿಡಿದುಕೊಂಡು ನಿಂತಳು. ನೆಲ ನಡುಗಿತು. ಯುದ್ಧದ ಕಾಲದಲ್ಲಿ ಬಿಡುವೇ ಇಲ್ಲದೆ ದುಡಿದು ಸವೆದ ಇಂಜಿನ್ನೊಂದು ಎಲ್ಲ ಕೀಲುಗಳಿಂದಲೂ ಉಗಿ ಸೋರಿಸುತ್ತ ಬಂತು. ಡ್ರೈವರ್ ಹೊರಗೆ ಬಾಗಿ ನೋಡಿದ. ಯಾರ ಹೆಣವೆಂದು ತಿಳಿದಿರಬೇಕು. ಸೀಟಿಯ ಸರಪಳಿ ಜಗ್ಗಿ ಹಿಡಿದವನು ಕೊನೆಯ ಡಬ್ಬಿ ದಾಟುವತನಕ ಬಿಡಲಿಲ್ಲ. ಗಾಳಿ ಊರ ಕಡೆಗೇ ಬೀಸುತ್ತಿತ್ತು. ಕರಿಹೊಗೆ ಗೇಟಿನ ಮೇಲೆ ಕುಸಿಯಿತು. ಜನ ಕೆಮ್ಮಿದರು, ಕಣ್ಣು ಮುಚ್ಚಿಕೊಂಡರು.

ಹೊಗೆ ಸರಿದಾಗ ಗುರುಸಿದ್ದವ್ವ ತಲೆ ಎತ್ತಿ ನೋಡಿದಳು. ಹಣೆಯ ವಿಭೂತಿಯ ಮೇಲೆ, ಮೂಗಿನ ಮೇಲೆ, ಮುಚ್ಚಿದ ರೆಪ್ಪೆಗಳ ಮೇಲೆ ಮಸಿ ಕೂತಿತ್ತು. ದೂರದ ಗಾಡಿ ಮುಗಿಸಿ ಈಗಷ್ಟೇ ಮನೆಗೆ ಬಂದು, ಬಾಗಿಲಲ್ಲಿ ನೀರು ಕೇಳುವ ಮುಖ.

ಒರೆಸಲೆಂದು ಅವಳು ಸೆರಗು ಎತ್ತಿದಳು. ಅಷ್ಟರಲ್ಲಿ ಗೇಟು ತೆರೆದಿತ್ತು, ಹಲಗಿ ಬಡಿಯಿತು, ಹಿಡಿದ ಕೋಲು ಕೈಬಿಟ್ಟು ಮುಂದೆ ಹೋಯಿತು. ಗಂಡಸರು ಬಿಸಿ ಇನ್ನೂ ಆರದ ಹಳಿಗಳನ್ನು ದಾಟುತ್ತಿದ್ದರು. ಗುರುಸಿದ್ದವ್ವ ಗೇಟಿನ ಈಚೆ, ಸೆರಗು ಎತ್ತಿದ ಕೈಯನ್ನು ಇಳಿಸದೆ ನಿಂತಿದ್ದಳು.