ಗಂಗಾಳದ ವಯಸ್ಸು

ನಿಜಾಮನ ಆಳ್ವಿಕೆ ಮುಗಿದು ಮೂರು ವರ್ಷವಾಗಿತ್ತು. ಸಾಲಗುಂದದ ದೊಡ್ಡಬಸಪ್ಪನ ತಮ್ಮ ಮರಿಸ್ವಾಮಿ ಚಳಿಜ್ವರದಲ್ಲಿ ತೀರಿಕೊಂಡಿದ್ದ. ಅವನ ಹೆಂಡತಿ ಕಲ್ಯಾಣಮ್ಮ ತವರೂರು ಗುರುಗುಂಟಾಕ್ಕೆ ಹೊರಟು ನಿಂತಳು. ಮಕ್ಕಳಿರಲಿಲ್ಲ. ಹೊಲದಲ್ಲಿ ಪಾಲು ಕೇಳುವ ಧೈರ್ಯವೂ ಇರಲಿಲ್ಲ. ಲಗ್ನದಲ್ಲಿ ತಾಯಿ ಕೊಟ್ಟಿದ್ದ ಹಿತ್ತಾಳೆಯ ಊಟದ ಗಂಗಾಳವನ್ನಷ್ಟೇ ಕೇಳಿದಳು.

“ಅದು ನಮ್ಮ ಮುತ್ತ್ಯಾನ ಕಾಲದ್ದು. ಈ ಮನಿ ಬಿಟ್ಟು ಹೋಗಂಗಿಲ್ಲ,” ಎಂದ ದೊಡ್ಡಬಸಪ್ಪ.

“ಹಂಗಾದ್ರ ಎಷ್ಟು ಹಳೇದು ಅಂತ ತಿಳಿದವರನ್ನ ಕೇಳ್ರಿ,” ಎಂದಳು ಕಲ್ಯಾಣಮ್ಮ.

ಕಟ್ಟೆಯ ಮೇಲೆ ಕೂತ ಹಿರಿಯರು ಒಪ್ಪಿದರು. ಸಿಂಧನೂರಿನ ಮಕ್ತುಮ್‌ಸಾಬ್ ಕಲಾಯಿ ಹಾಕಲು ಊರಿಗೆ ಬಂದಿದ್ದ. ಹಳೆಯ ಪಾತ್ರೆ ಕೊಂಡು ಮಾರುವುದೂ ಅವನ ಕಸುಬು. ಅವನನ್ನು ಕರೆಸಿದರು.

ಮಕ್ತುಮ್‌ಸಾಬ್ ಗಂಗಾಳವನ್ನು ಬೆರಳಿನಿಂದ ಬಾರಿಸಿ ನೋಡಿದ. ಬೋರಲು ಹಾಕಿ ಬಿಸಿಲಿಗೆ ಹಿಡಿದ.

“ಮುತ್ತ್ಯಾನ ಕಾಲದ್ದಲ್ರಿ. ಆಗಿನದಾಗಿದ್ರ ಸುತ್ತಿಗಿ ಪೆಟ್ಟು ಕಾಣಬೇಕಿತ್ತು. ತಳದಾಗ ಸಣ್ಣ ಸುತ್ತುಗೆರಿ ಅದಾವ ನೋಡ್ರಿ, ಮಿಷಿನ್‌ದಾಗ ಮಾಡಿದ್ದು. ಬೂದಿ ಹಚ್ಚಿ ತಿಕ್ಕಿದ್ರೂ ನಡು ಇನ್ನೂ ಸವೆದಿಲ್ಲ. ಭಾಳ ಅಂದ್ರ ಎಂಟು–ಹತ್ತು ವರ್ಷ.”

ಕಲ್ಯಾಣಮ್ಮನ ಲಗ್ನವಾಗಿ ಒಂಬತ್ತು ವರ್ಷವಾಗಿತ್ತು. ಅವಳು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

ದೊಡ್ಡಬಸಪ್ಪ ಸ್ವಲ್ಪವೂ ಕದಲಲಿಲ್ಲ. “ಹಂಗಿದ್ರ ಇದು ಮುತ್ತ್ಯಾಂದಲ್ಲ, ಖರೆ. ನನಗ ನೆನಪು ತಪ್ಪಿತ್ತು. ತಮ್ಮ ಇದ್ದಾಗ ತಂದಾನ. ಈ ಮನಿ ಜ್ವಾಳ ಮಾರಿದ ರೊಕ್ಕದಾಗ ತಂದಾನ.”

“ಇಲ್ಲರೀ, ನಮ್ಮವ್ವ ಕೊಟ್ಟಾಳ,” ಎಂದಳು ಕಲ್ಯಾಣಮ್ಮ.

“ನಿಮ್ಮವ್ವ ಸತ್ತಾಳ. ಈ ಊರಾಗ ಯಾರು ಸಾಕ್ಷಿ?”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಲಗ್ನದಲ್ಲಿ ಉಂಡವರೇ ಅವರೆಲ್ಲ. ವರ್ಷವಿಡೀ ಅರ್ಧ ಊರು ದೊಡ್ಡಬಸಪ್ಪನ ಹೊಲದಲ್ಲಿ ದುಡಿಯುತ್ತಿತ್ತು. ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ.

“ನಾ ಎಷ್ಟು ಹಳೇದು ಅಂತ ಹೇಳೀನಿ. ಯಾರದು ಅಂತ ಹೇಳಿಲ್ಲರೀ,” ಎಂದ ಮಕ್ತುಮ್‌ಸಾಬ್.

“ನಿನ್ನ ಕೆಲಸ ಮುಗೀತು, ಸಾಬ್,” ಎಂದ ದೊಡ್ಡಬಸಪ್ಪ. ಅವನ ಹೆಂಡತಿ ಅಂಬಮ್ಮ ಬಂದು ಗಂಗಾಳವನ್ನು ಒಳಗೆ ಒಯ್ದಳು.

ಕಲ್ಯಾಣಮ್ಮ ಗಂಟು ಹೊತ್ತು ಮಸ್ಕಿಯ ದಾರಿ ಹಿಡಿದಾಗ ಮಕ್ತುಮ್‌ಸಾಬ್ ಅಡ್ಡ ಬಂದ.

“ತಂಗೀ, ನಾ ಬ್ಯಾರೆ ಏನಾದ್ರೂ ಹೇಳಿದ್ರ ನಿನಗ ಸಿಗತಿತ್ತೇನೋ...”

“ಹಳೇದು ಅಂದಿದ್ರೂ ಅವರದೇ, ಹೊಸದು ಅಂದ್ರೂ ಅವರದೇ. ನೀವ್ಯಾಕ ಸುಳ್ಳು ಹೇಳಿ ಕೆಡಬೇಕಿತ್ತು? ನೀವೊಬ್ಬರಾದ್ರೂ ಖರೆ ಹೇಳಿದ್ರಿ. ಅದರಾಗ ನನಗ ಏನೂ ದಕ್ಕಲಿಲ್ಲ ಅಷ್ಟ.”

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅವಳ ಅಣ್ಣ ಕರಿಬಸಯ್ಯ ಮಸ್ಕಿಯಲ್ಲಿ ಬಂಡಿ ಹೂಡಿಕೊಂಡು ಕಾಯುತ್ತಿದ್ದ. ಗಂಟನ್ನು ಇಸಿದುಕೊಂಡು, “ಇಷ್ಟೇ ಏನು?” ಎಂದು ಕೇಳಿದ.

“ಹೂಂ,” ಎಂದು ಕಲ್ಯಾಣಮ್ಮ ಬಂಡಿ ಹತ್ತಿದಳು.