ನಕ್ಕರೆ ನೋಯುವವರಿಗೆ

ಆ ಶಾಲೆಯ ಲೈಬ್ರರಿಯಲ್ಲಿ ವಾರಕ್ಕೊಂದು ಪೀರಿಯಡ್ ಪೂರ್ತಿ ಮಕ್ಕಳದೇ ಮಾತು. ಲೈಬ್ರರಿ ಮಿಸ್ ಮೂಲೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಗೋಂದು ಹಚ್ಚುತ್ತಿದ್ದರು. ಒಂಬತ್ತನೇ ತರಗತಿಯವರು ಒಬ್ಬೊಬ್ಬರಾಗಿ ಎದ್ದು, ತಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಹಾಸ್ಯಗಾರನನ್ನೋ ಊಟ ಮರೆಸಿದ ಕಾದಂಬರಿಯನ್ನೋ ಉಳಿದವರಿಗೆ ಶಿಫಾರಸು ಮಾಡಬೇಕಿತ್ತು. ಹೀಗಾಗಿ ತರಗತಿಯೇ ಎರಡು ಪಕ್ಷವಾಗಿತ್ತು. ನಗೆಯ ಪಕ್ಷಕ್ಕೆ ಪಟಾಕಿ ಅನ್ನೋ ಅಡ್ಡಹೆಸರಿನ ಹುಡುಗಿ ನಾಯಕಿ. ಮಂತ್ರ, ಮಾಯೆ, ಡ್ರ್ಯಾಗನ್ನುಗಳ ಪಕ್ಷಕ್ಕೆ ದಪ್ಪ ಕನ್ನಡಕದ ಹುಡುಗನೊಬ್ಬ ನಾಯಕ. ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಕನ್ನಡಕ ಎಂದು.

ಎರಡು ಪಕ್ಷಕ್ಕೂ ಸೇರದೆ ಕಿಟಕಿ ಪಕ್ಕ ಕೂರುತ್ತಿದ್ದವಳು ಮಿಣುಕಿ. ಕೂಸಾಗಿದ್ದಾಗ ಬೆಳಕು ಕಂಡರೆ ಕಣ್ಣು ಮಿಣುಕಿಸುತ್ತಿದ್ದಳೆಂದು ಅಪ್ಪ ಇಟ್ಟ ಹೆಸರು. ಎಂದೂ ಎದ್ದು ಮಾತಾಡದವಳು ಅಂದು ಎದ್ದಳು.

"ಮಿಸ್, ನಕ್ಕರೆ ನೋವಾಗೋರಿಗೆ ಯಾವುದು ಒಳ್ಳೇದು?"

ತರಗತಿ ಗೊಳ್ಳೆಂದಿತು. ಮಿಣುಕಿ ಕೂರಲಿಲ್ಲ. "ನಮ್ಮಪ್ಪನಿಗೆ ಪಕ್ಕೆಲುಬು ಮುರಿದಿದೆ. ಮಲಗಿದ್ದಲ್ಲೇ ಇರ್ತಾರೆ. ಮಾತೂ ಕಮ್ಮಿ ಮಾಡಿಬಿಟ್ಟಿದ್ದಾರೆ," ಎಂದಳು. ನಗು ಅಲ್ಲಿಗೇ ನಿಂತಿತು.

ಅವಳ ಅಪ್ಪ ಬಸ್ ಡ್ರೈವರ್. ತಿರುವಿನಲ್ಲಿ ಲಾರಿಯೊಂದು ಎದುರಿಗೆ ನುಗ್ಗಿ ಬಂದಾಗ ಬಸ್ಸನ್ನು ಹೊಲದತ್ತ ಇಳಿಸಿದ್ದ. ಬಸ್ಸು ಪಕ್ಕಕ್ಕೆ ವಾಲಿ ಬಿತ್ತು. ಒಳಗಿದ್ದವರೆಲ್ಲ ತರಚುಗಾಯದಲ್ಲಿ ಪಾರಾದರು. ಸ್ಟೀರಿಂಗ್ ಬಂದು ಎದೆಗೆ ಒತ್ತಿ ಅಪ್ಪಿಕೊಂಡದ್ದು ಅವನೊಬ್ಬನನ್ನೇ.

ಪಟಾಕಿಗೆ ತಡೆಯಲಾಗಲಿಲ್ಲ. ನೋವಾದರೂ ನಗಲೇಬೇಕು ಎಂದು ವಾದಿಸಿ ಒಬ್ಬ ಹಾಸ್ಯಗಾರನ ವಿಡಿಯೊ ಕಳಿಸಿಕೊಟ್ಟಳು. ಆ ಸಂಜೆ ಅಪ್ಪ ಫೋನು ನೋಡುತ್ತ ಒಮ್ಮೆ ಕಿಸಕ್ಕೆಂದ. ಮರುಕ್ಷಣ ಪಕ್ಕೆ ಹಿಡಿದುಕೊಂಡು ಮುಖ ಕಿವುಚಿದ.

ಪಕ್ಕದಲ್ಲೇ ಹೊಲಿಗೆ ಯಂತ್ರದ ಮುಂದಿದ್ದ ಅಮ್ಮ ಎದ್ದು ಬಂದಳು. "ಕೂಡಿಕೊಳ್ಳೋ ಮೂಳೆನ ನಗಿಸಿ ಬಿಡಿಸ್ತೀಯಾ? ಎತ್ತಿಡೇ ಅದನ್ನ!"

ಮಾರನೆಯ ದಿನ ಕನ್ನಡಕ ತಾನು ಗೆದ್ದವನಂತೆ ಬೀಗುತ್ತ ಒಂದು ದಪ್ಪ ಪುಸ್ತಕ ತಂದುಕೊಟ್ಟ. ಡ್ರ್ಯಾಗನ್ ಏರಿ ಹಾರುವ ಒಬ್ಬ ಹುಡುಗಿಯ ಕಥೆ. ಮಿಣುಕಿ ದಿನಾ ಸಂಜೆ ಅಪ್ಪನ ಹಾಸಿಗೆಯ ಅಂಚಿನಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದಳು. ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಮುಟ್ಟಿದವನಲ್ಲ ಅಪ್ಪ. ಮೊದಲೆರಡು ದಿನ ಸೂರು ನೋಡುತ್ತ ಮಲಗಿದ್ದ. ಮೂರನೆಯ ದಿನ ಇದ್ದಕ್ಕಿದ್ದಂತೆ ಕೇಳಿದ:

"ಅದಕ್ಕೆ ಬ್ರೇಕ್ ಎಲ್ಲಿದೆ?"

"ಯಾವುದಕ್ಕೆ?"

"ಆ ಡ್ರ್ಯಾಗನ್‌ಗೆ."

"ಅದು ಪ್ರಾಣಿ ಅಪ್ಪ, ಬ್ರೇಕ್ ಇರಲ್ಲ."

"ಬ್ರೇಕ್ ಇಲ್ಲದ್ದನ್ನ ನಿನ್ನ ವಯಸ್ಸಿನ ಹುಡುಗಿ ಕೈಗೆ ಕೊಟ್ಟ ಪುಣ್ಯಾತ್ಮ ಯಾರು? ಲೈಸೆನ್ಸ್ ಕೇಳಿದ್ರಾ?"

ಯಂತ್ರ ತುಳಿಯುವುದನ್ನು ಅಮ್ಮ ನಿಲ್ಲಿಸಿದಳು. "ಸುಮ್ನೆ ಕೇಳ್ರೀ. ಅವಳು ಕೋಟೆ ದಾಟ್ತಾಳೋ ಇಲ್ವೋ ಅಂತ ನಾನಿಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡಿದೀನಿ."

ಅಂದಿನಿಂದ ಆ ಕೋಣೆಗೆ ಕಳೆ ಬಂತು. ಡ್ರ್ಯಾಗನ್ ಮಳೆಯಲ್ಲಿ ಹಾರಿದರೆ ಅಪ್ಪನಿಗೆ ಅದರ ಕಣ್ಣಿನ ಚಿಂತೆ, ವೈಪರ್ ಇಲ್ಲವಲ್ಲ ಎಂದು. ರಾಜನ ಭಾಷಣ ಬಂದರೆ "ಮುಂದಿನ ಸ್ಟಾಪ್‌ಗೆ ಹೋಗು" ಎನ್ನುತ್ತಿದ್ದ.

ಪುಸ್ತಕದ ನಡುವೆ ಒಂದು ಬಿರುಗಾಳಿ ಬಂತು. ಹುಡುಗಿ ಡ್ರ್ಯಾಗನ್ ಮೇಲಿಂದ ಬಿದ್ದಳು. ಮುಂದಿನ ಅಧ್ಯಾಯದಲ್ಲಿ, ಮಾರನೆಯ ಬೆಳಿಗ್ಗೆಯೇ, ಕೂದಲು ಹಾರಿಸಿಕೊಂಡು ಮತ್ತೆ ಏರಿದಳು.

"ಮಾರನೇ ದಿನಾನೇ?" ಎಂದ ಅಪ್ಪ.

"ಹೂಂ."

"ಕೈ ನಡುಗಲಿಲ್ವಾ ಅವಳಿಗೆ?"

ಮಿಣುಕಿ ಪುಟದ ಮೇಲೆ ಬೆರಳಾಡಿಸಿ ಹುಡುಕಿದಳು. "ಬರೆದಿಲ್ಲ ಅಪ್ಪ."

"ಬರೀಬೇಕಿತ್ತು," ಎಂದು ಅಪ್ಪ ಗೋಡೆಯ ಕಡೆ ಹೊರಳಿದ. "ಇವತ್ತಿಗೆ ಸಾಕು." ಮತ್ತೆ ಅವನಾಗಿ ಓದು ಅನ್ನಲೇ ಇಲ್ಲ.

ಪಕ್ಕೆ ಕೂಡಿತು. ವೈದ್ಯರು ಕೆಲಸಕ್ಕೆ ಹೋಗಬಹುದೆಂದರು. ಅಪ್ಪ ಬೆಳಿಗ್ಗೆ ಸಮವಸ್ತ್ರ ತೊಟ್ಟು ಡಿಪೋಗೆ ಹೊರಡುತ್ತಿದ್ದ, ಮಧ್ಯಾಹ್ನಕ್ಕೇ ಮನೆಗೆ ಬರುತ್ತಿದ್ದ. ಗಾಡಿ ರಿಪೇರಿಯಲ್ಲಿದೆ ಎಂದು ಒಂದು ದಿನ, ರೂಟು ಇನ್ನೂ ಹಂಚಿಲ್ಲ ಎಂದು ಇನ್ನೊಂದು ದಿನ. ಅಮ್ಮ ಅವನ ಡಬ್ಬಿ ಬಿಚ್ಚಿ ತಟ್ಟೆಗೆ ಬಡಿಸುತ್ತಿದ್ದಳು.

ಶಾಲೆಗೆ ರಜೆಯಿದ್ದ ದಿನ ಅವನು ಮರೆತುಹೋದ ಊಟದ ಡಬ್ಬಿ ಹಿಡಿದು ಮಿಣುಕಿ ಡಿಪೋಗೆ ಹೋದಳು. ತೊಳೆದು ನಿಲ್ಲಿಸಿದ್ದ ಬಸ್ಸುಗಳ ಸಾಲಿನ ಕೊನೆಯಲ್ಲಿ ಅಪ್ಪ ಸೀಟಿನಲ್ಲಿ ಕೂತಿದ್ದ. ಎಂಜಿನ್ ಸದ್ದಿರಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿತ್ತು. ಬಿಸಿಲಿನ್ನೂ ಏರಿರದಿದ್ದರೂ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೀಲಿಯತ್ತ ಕೈ ಒಯ್ಯುತ್ತಿದ್ದ, ತೆಗೆಯುತ್ತಿದ್ದ. ಮಿಣುಕಿ ಕರೆಯಲಿಲ್ಲ. ಡಬ್ಬಿಯನ್ನು ಗೇಟಿನ ಕಾವಲುಗಾರನ ಕೈಗಿತ್ತು ಬಂದುಬಿಟ್ಟಳು.

ಲೈಬ್ರರಿ ಪೀರಿಯಡ್ ಮುಗಿದ ಮೇಲೆ ಅವಳು ಕನ್ನಡಕನನ್ನು ಹಿಡಿದು ನಿಲ್ಲಿಸಿದಳು. "ಬಿದ್ದೋರು ಮತ್ತೆ ಹತ್ತದೇ ಇರೋ ಪುಸ್ತಕ ಇದೆಯಾ?"

ಅವನು ಕಪಾಟಿನ ಮುಂದೆ ತುಂಬಾ ಹೊತ್ತು ನಿಂತ. ಒಂದೊಂದರ ಬೆನ್ನು ಮುಟ್ಟಿ ಬಿಟ್ಟ. "ಎಲ್ಲರೂ ಹತ್ತಿಬಿಡ್ತಾರೆ," ಎಂದ, ತನ್ನದೇ ತಪ್ಪೇನೋ ಎಂಬಂತೆ.

ಬ್ಯಾಗು ಏರಿಸುತ್ತಿದ್ದ ಪಟಾಕಿ ಕೇಳಿಸಿಕೊಂಡು ಬಂದಳು. ಮಿಣುಕಿ ಇಬ್ಬರಿಗೂ ಕಂಡದ್ದನ್ನು ಹೇಳಿದಳು. ಪಟಾಕಿ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

"ನನ್ನ ಹತ್ರ ಒಂದು ವಿಡಿಯೊ ಇದೆ. ಯಾರಿಗೂ ಹೇಳಿಲ್ಲ, ಇದೂ ಒಂದು ಕಾಮಿಡಿನಾ ಅಂತೀರಿ ಅಂತ," ಎಂದಳು. "ಪ್ರತಿ ವಾರ ಇಲ್ಲಿ ಎದ್ದು ನಿಲ್ಲೋ ಮೊದಲು ನಾನು ಅದನ್ನೇ ನೋಡೋದು. ನನಗೂ ಕೈಕಾಲು ತಣ್ಣಗಾಗುತ್ತೆ, ಗೊತ್ತಾ?"

ಗೊತ್ತಿರಲಿಲ್ಲ.

ವಿಡಿಯೊದಲ್ಲಿ ವಯಸ್ಸಾದ ಹಾಸ್ಯಗಾರನೊಬ್ಬ ವೇದಿಕೆಯ ಮೇಲಿದ್ದ. ಎರಡು ಜೋಕು ಹೇಳಿ ಮೂರನೆಯದರ ನಡುವೆ ನಿಂತುಬಿಟ್ಟ. "ಕ್ಷಮಿಸಿ, ನನಗೆ ಭಯ ಆಗ್ತಿದೆ," ಎಂದ. ಜನ ಚಪ್ಪಾಳೆ ತಟ್ಟಿ ನಕ್ಕರು. "ನಿಜವಾಗ್ಲೂ," ಎಂದ. ಇನ್ನೂ ಜೋರಾಗಿ ನಕ್ಕರು. ಕೊನೆಗೆ ಅವನು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. "ನೋಡಿ, ಮೂವತ್ತು ವರ್ಷ ನಗಿಸಿದ್ದರ ಫಲ ಇದು. ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿದ್ರೂ 'ಒನ್ಸ್ ಮೋರ್' ಅಂತೀರಿ." ಆಮೇಲೆ ಅಲ್ಲೇ ಕೂತು, ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ನಡುಗಿದ್ದು, ಹೆಂಡತಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿದ್ದಕ್ಕೆ ವಾರವಿಡೀ ಗಂಜಿ ಕುಡಿಯಬೇಕಾಗಿ ಬಂದದ್ದು, ಎಲ್ಲವನ್ನೂ ಹೇಳಿದ.

ಸಂಜೆ ಮನೆಯಲ್ಲಿ ಅಪ್ಪ ಒಲ್ಲದ ಮನಸ್ಸಿನಿಂದಲೇ ನೋಡತೊಡಗಿದ್ದ. ಗಂಜಿಯ ಮಾತಿಗೆ ನಕ್ಕ. ಈ ಸಲ ಪಕ್ಕೆಗೆ ಕೈ ಹೋಗಲಿಲ್ಲ. ನಗು ನಿಂತ ಮೇಲೂ ಅವನ ಹೆಗಲು ಅಲುಗುತ್ತಲೇ ಇತ್ತು. ಅಳುತ್ತಿದ್ದಾನೆಂದು ಮಿಣುಕಿಗೆ ಆಗ ತಿಳಿಯಿತು.

"ನನಗೂ ಭಯ ಆಗುತ್ತೆ ಕಣೇ," ಎಂದ ಅಪ್ಪ, ಅಮ್ಮನ ಕಡೆ ನೋಡದೆ. "ಕೀಲಿ ತಿರುಗಿಸೋಕೆ ಆಗ್ತಿಲ್ಲ. ಸುಳ್ಳು ಹೇಳ್ತಿದ್ದೆ."

ಅಮ್ಮ ಬಂದು ನೆಲದ ಮೇಲೆ ಅವನ ಪಕ್ಕ ಕೂತಳು. "ಗೊತ್ತಿತ್ತು. ನೀವು ಹೊರಟಾಗೆಲ್ಲ ನನಗೆ ಎದೆ ಡವಡವ. ಮೊನ್ನೆ ಒಂದು ಅಂಗಿಗೆ ಎರಡೂ ಎಡತೋಳೇ ಹೊಲಿದು ಕಳಿಸಿದೀನಿ ಕಣ್ರೀ."

"ಎರಡೂ ಎಡದ್ದಾ?"

"ಎರಡೂ. ಅವರು ವಾಪಸ್ಸೂ ತಂದಿಲ್ಲ. ಹಾಕ್ಕೊಂಡು ಓಡಾಡ್ತಿದಾರೋ ಏನೋ."

ಮೂವರೂ ನಕ್ಕರು. ಕಣ್ಣೊರೆಸಿಕೊಳ್ಳುವುದು, ಮತ್ತೆ ನಗುವುದು. ಅಮ್ಮನ ಕೈ ಅಪ್ಪನ ಕೈಯ ಮೇಲೆ ಇತ್ತು.

ಮರುದಿನ ಅಪ್ಪ ಡಿಪೋ ಮ್ಯಾನೇಜರ್ ಮುಂದೆ ಹೋಗಿ ಇದ್ದುದನ್ನು ಇದ್ದಹಾಗೆ ಹೇಳಿದ. ಅವರು ಬೈಯುತ್ತಾರೆಂದು ಕಾದ. ಅವರು ಕುರ್ಚಿ ಎಳೆದು ಕೂರಿಸಿ, ಸದ್ಯಕ್ಕೆ ವರ್ಕ್‌ಶಾಪಿನಲ್ಲಿರು, ಗಾಡಿಗಳು ಹೊರಡುವ ಮೊದಲು ಬ್ರೇಕು ನೋಡು ಎಂದರು. ಆ ಕೆಲಸ ಅವನಿಗೆ ಒಗ್ಗಿತು. ಕೈಗೆ ಗ್ರೀಸು ಮೆತ್ತಿಕೊಂಡು ಬಂದು ಯಾವ ಬಸ್ಸಿನ ಯಾವ ಚಕ್ರ ಮುನಿಸಿಕೊಂಡಿದೆ ಎಂದು ಅಮ್ಮನಿಗೆ ವರದಿ ಒಪ್ಪಿಸುವಷ್ಟು ಮಾತು ಮರಳಿತು. ಡ್ರ್ಯಾಗನ್ ಕಥೆಯನ್ನೂ ಮುಗಿಸಿದರು. ಬರೆಯದೆ ಬಿಟ್ಟಿದ್ದ ಕಡೆ ಹುಡುಗಿಯ ಕೈ ನಡುಗಿತು ಎಂದು ಮಿಣುಕಿ ತಾನೇ ಸೇರಿಸಿ ಓದಿದಳು. ಅಪ್ಪನಿಗೆ ಗೊತ್ತಾಗಿರಬೇಕು, ಆದರೆ ತೋರಿಸಿಕೊಳ್ಳಲಿಲ್ಲ.

ಹಲವು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅಪ್ಪ ಅಮ್ಮನನ್ನೂ ಮಿಣುಕಿಯನ್ನೂ ಡಿಪೋಗೆ ಕರೆದುಕೊಂಡು ಹೋದ. ಯಾಕೆಂದು ಹೇಳಲಿಲ್ಲ. ತೊಳೆಯುವ ಜಾಗದಲ್ಲಿ ಒಂದು ಖಾಲಿ ಬಸ್ಸು ನೀರು ತೊಟ್ಟಿಕ್ಕಿಸುತ್ತ ನಿಂತಿತ್ತು. ಅಪ್ಪ ಏರಿ ಕೂತ. ತುಸು ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಂಜಿನ್ ಗುಡುಗಿತು.

"ಹತ್ತಿ," ಎಂದ, ಮುಂದೆ ನೋಡುತ್ತಲೇ. "ಆ ಗೋಡೆ ತನಕ ಅಷ್ಟೇ."

ಅಮ್ಮ ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ, ದೂರದ ಊರಿಗೆ ಹೊರಟವಳ ಗತ್ತಿನಲ್ಲಿ ಕೂತಳು. ನಡೆಯುವವರು ಹಿಂದೆ ಹಾಕಬಹುದಾದಷ್ಟು ಮೆಲ್ಲಗೆ ಬಸ್ಸು ಅಂಗಳ ದಾಟಿತು. ಗೋಡೆಯ ಬಳಿ ನಿಂತಿತು. ಅಪ್ಪನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಅವನು ಒಂದು ಕೈ ಎತ್ತಿ ಒರೆಸಿಕೊಂಡು, ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದ.

"ಇಳೀತೀರಾ?"

"ಇಲ್ಲ," ಎಂದಳು ಅಮ್ಮ. "ಇನ್ನೊಂದು ಸುತ್ತು ಹೋಗ್ರೀ."